ಗಾರೆ ಕೆಲಸಕ್ಕೆ ಅಪ್ರೆಂಟಿಸ್ ಆಗಿ ಸೇರುವ ಮುನ್ನ, ಸೇರಿದ ಮೇಲೆ

ಕಟ್ಟಡದ ಕೆಲಸಕ್ಕೆ ಹುಡುಗರು ಬರುವ ಹಳೆಯ ದಾರಿ ಎಲ್ಲರಿಗೂ ಗೊತ್ತು. ಊರಿನ ಮೇಸ್ತ್ರಿಯ ಹಿಂದೆ ಹೋಗಿ ಬಾಂಡ್ಲಿ ಹೊರುವುದು, ಎರಡು ಮೂರು ವರ್ಷ ಕಳೆದ ಮೇಲೆ ಯಾವತ್ತೋ ಒಂದು ದಿನ ಆಳು ಕಡಿಮೆಯಾದಾಗ ಕರಣೆ ಕೈಗೆ ಸಿಗುವುದು. ಹೆಣ್ಣುಮಕ್ಕಳಿಗಂತೂ ಹತ್ತು ವರ್ಷ ಹೊತ್ತರೂ ಆ ದಿನ ಬರುವುದು ಅಪರೂಪ. ಈ ದಾರಿಯಲ್ಲಿ ಕಲಿಯುವವರಿಗೆ ನಿಧಾನ ಮಾಡಲು ಅವಕಾಶವಿಲ್ಲ. ಮೇಸ್ತ್ರಿ ಕೆಲಸ ಹಿಡಿದಿರುವುದೇ ಚದರದ ಲೆಕ್ಕದಲ್ಲಿ, ಅಂದರೆ ಕಟ್ಟಿದ ಅಳತೆಗೆ ತಕ್ಕಷ್ಟೇ ದುಡ್ಡು.

ಕಂಪನಿಯ ಜೊತೆ ಕರಾರು ಮಾಡಿಕೊಂಡು ಕೆಲಸ ಕಲಿಯುವ ಅಪ್ರೆಂಟಿಸ್ ಆಗಿ ಸೇರುವುದರ ದೊಡ್ಡ ಲಾಭ ಇರುವುದು ಇಲ್ಲಿಯೇ. 1961ರ ಅಪ್ರೆಂಟಿಸ್ ಕಾಯ್ದೆಯ 13ನೇ ಸೆಕ್ಷನ್ ಪ್ರಕಾರ ಅಪ್ರೆಂಟಿಸ್‌ಗೆ ಮಾಡಿದ ಕೆಲಸದ ಅಳತೆ ನೋಡಿ ದುಡ್ಡು ಕೊಡುವಂತಿಲ್ಲ, ಉತ್ಪಾದನೆಯ ಬೋನಸ್ ಯೋಜನೆಗೂ ಎಳೆಯುವಂತಿಲ್ಲ. ಅಂದರೆ ಒಂದು ಗೋಡೆಯನ್ನು ಮೂರು ಸಲ ಕೆಡವಿ ಕಟ್ಟಿದರೂ ನಿಮ್ಮ ಸ್ಟೈಪೆಂಡ್ (ಕಲಿಯುವಾಗ ಸಿಗುವ ತಿಂಗಳ ಭತ್ಯೆ) ಕಡಿಮೆಯಾಗುವುದಿಲ್ಲ. ಈ ಅವಕಾಶ ಆಮೇಲೆ ಮತ್ತೆ ಸಿಗುವುದಿಲ್ಲ. ಅದಕ್ಕೇ ಮೊದಲ ವರ್ಷ ವೇಗದ ಹಿಂದೆ ಬೀಳದೆ ಅಳತೆ, ಮಟ್ಟ, ನಕ್ಷೆ ಈ ಮೂರನ್ನು ಕಲಿಯಿರಿ.

ಮೊದಲು ಕಾಗದದ ವಿಷಯ. 30 ಅಥವಾ ಅದಕ್ಕಿಂತ ಹೆಚ್ಚು ಜನ ಕೆಲಸ ಮಾಡುವ ಸಂಸ್ಥೆ ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಲೇಬೇಕು, ಹಾಗಾಗಿ ಹುಡುಕಬೇಕಾದ್ದು ನಡುಗಾತ್ರದ ಮತ್ತು ದೊಡ್ಡ ಕಂತ್ರಾಟು ಕಂಪನಿಗಳನ್ನು. ಐಟಿಐಯಲ್ಲಿ ಮೇಸನ್ ಟ್ರೇಡ್ ಮುಗಿಸಿ ಬಂದರೆ ಒಳ್ಳೆಯದು. ಅದಿಲ್ಲದೆ ನೇರವಾಗಿ ಸೇರುವವರಿಗೂ ದಾರಿ ಇದೆ. 2019ರ ನಿಯಮದಲ್ಲಿ ತಿಂಗಳ ಕನಿಷ್ಠ ಸ್ಟೈಪೆಂಡ್ 5ರಿಂದ 9ನೇ ತರಗತಿವರೆಗೆ ಓದಿದವರಿಗೆ 5,000, ಹತ್ತನೇ ತರಗತಿಯವರಿಗೆ 6,000, ಐಟಿಐ ಪ್ರಮಾಣಪತ್ರ ಇದ್ದವರಿಗೆ 7,000 ರೂಪಾಯಿ ಎಂದು ನಿಗದಿಯಾಯಿತು. ಸೇರುವ ದಿನ ಚಾಲ್ತಿಯಲ್ಲಿರುವ ದರವನ್ನು ಅಪ್ರೆಂಟಿಸ್‌ಶಿಪ್ ಇಂಡಿಯಾ ಪೋರ್ಟಲ್‌ನಲ್ಲಿ ನೋಡಿಕೊಳ್ಳಿ.

ಕರಾರು ಅದೇ ಪೋರ್ಟಲ್‌ನಲ್ಲಿ ನೋಂದಣಿಯಾಗಿದೆಯೇ ಎಂದು ನಿಮ್ಮದೇ ಲಾಗಿನ್‌ನಿಂದ ನೋಡಿ. ನಿಮ್ಮ ಟ್ರೇಡ್ ಹೆಸರು, ಶುರುವಾಗುವ ಮತ್ತು ಮುಗಿಯುವ ದಿನಾಂಕ, ಸ್ಟೈಪೆಂಡ್ ಮೊತ್ತ ಅಲ್ಲಿ ಇರಬೇಕು. 18 ತುಂಬದವರ ಪರವಾಗಿ ಪೋಷಕರು ಸಹಿ ಹಾಕಬೇಕು. ಅಪಾಯದ ಕೆಲಸಕ್ಕೆ 18ರ ಒಳಗಿನವರನ್ನು ಹಾಕುವಂತಿಲ್ಲ. ಕೆಲಸದಲ್ಲಿ ಪೆಟ್ಟಾದರೆ ಪರಿಹಾರ ಮಾಲೀಕರ ಹೊಣೆ ಎನ್ನುತ್ತದೆ 16ನೇ ಸೆಕ್ಷನ್. ಇದೆಲ್ಲ ನಿಲ್ಲುವುದು ಕರಾರು ಇದ್ದರೆ ಮಾತ್ರ. ಬಾಯಿಮಾತಿನಲ್ಲಿ ಟ್ರೈನಿ ಅಂತ ಕರೆದು ಕೆಲಸಕ್ಕೆ ಹಚ್ಚಿದರೆ ಅದು ಅಗ್ಗದ ಕೂಲಿ, ಅಷ್ಟೇ.

ಇನ್ನು ಕೆಲಸಕ್ಕೆ ಬರೋಣ. ಮೊದಲ ವಾರದಿಂದಲೇ ಮಾಲು, ಅಂದರೆ ಸಿಮೆಂಟ್ ಮರಳಿನ ಗಾರೆ, ಕಲಸುವುದು ನಿಮ್ಮ ಪಾಲಿಗೆ ಬರುತ್ತದೆ. ಬಾಂಡ್ಲಿ ಲೆಕ್ಕ ನಂಬಬೇಡಿ. ಒಬ್ಬ ಗೋಪುರದ ಹಾಗೆ ತುಂಬುತ್ತಾನೆ, ಇನ್ನೊಬ್ಬ ಅಂಚಿಗೆ ತುಂಬುತ್ತಾನೆ. ಒಳ ಅಳತೆ 40, 35, 25 ಸೆಂಟಿಮೀಟರ್ ಇರುವ ಪೆಟ್ಟಿಗೆಯಲ್ಲಿ 35 ಲೀಟರ್ ಹಿಡಿಯುತ್ತದೆ, 50 ಕೆಜಿಯ ಒಂದು ಮೂಟೆ ಸಿಮೆಂಟಿನ ಗಾತ್ರವೂ ಹೆಚ್ಚುಕಡಿಮೆ ಅಷ್ಟೇ. ಗೋಡೆಗೆ ಒಂದಕ್ಕೆ ಆರು ಅಂದರೆ ಮೂಟೆಗೆ ಆರು ಪೆಟ್ಟಿಗೆ ಮರಳು.

ಆದರೆ ಒದ್ದೆ ಮರಳು ಉಬ್ಬಿರುತ್ತದೆ. ನೇರ ಗೋಡೆಯ ಗಾಜಿನ ಜಾಡಿಯಲ್ಲಿ ಒದ್ದೆ ಮರಳನ್ನು 20 ಸೆಂಟಿಮೀಟರ್‌ವರೆಗೆ ಸಡಿಲವಾಗಿ ತುಂಬಿ, ನೀರು ಹಾಕಿ ಕಲಕಿ, ಕೂರಲು ಬಿಡಿ. ಮರಳು 16ಕ್ಕೆ ಇಳಿದರೆ ಉಬ್ಬು ಶೇಕಡಾ 25. ಅಂದರೆ ಆರು ಪೆಟ್ಟಿಗೆ ಎಂದುಕೊಂಡು ಹಾಕಿದ್ದು ನಿಜವಾಗಿ ಐದಕ್ಕಿಂತ ಕಡಿಮೆ. ಸಿಮೆಂಟ್ ಜಾಸ್ತಿಯಾದರೆ ಗಟ್ಟಿ ಅಲ್ಲವೇ ಎಂದು ಕೇಳುವವರಿದ್ದಾರೆ. ಪ್ಲಾಸ್ಟರ್‌ನಲ್ಲಿ ಹಾಗಾದರೆ ಅದು ಒಣಗುವಾಗ ಹೆಚ್ಚು ಕುಗ್ಗಿ ಕೂದಲೆಳೆ ಬಿರುಕು ಬಿಡುತ್ತದೆ. ನೀರು ಬೆರೆಸಿದ ಮಾಲನ್ನು ಅರ್ಧ ಮುಕ್ಕಾಲು ಗಂಟೆಯಲ್ಲಿ ಮುಗಿಯುವಷ್ಟೇ ಕಲಸಿ. ಬಿಗಿಯಾಗತೊಡಗಿದ ಮಾಲಿಗೆ ಮತ್ತೆ ನೀರು ಸುರಿದು ಮೆದು ಮಾಡುವುದು ಸೈಟುಗಳಲ್ಲಿ ದಿನಾ ಕಾಣುವ ತಪ್ಪು. ಮೆದುವಾಗುತ್ತದೆ ನಿಜ, ಶಕ್ತಿ ಹೋಗಿರುತ್ತದೆ.

ಸುಟ್ಟ ಇಟ್ಟಿಗೆಯನ್ನು ಗುಳ್ಳೆ ಏಳುವುದು ನಿಲ್ಲುವವರೆಗೆ ನೆನೆಸಬೇಕು, ಇಲ್ಲದಿದ್ದರೆ ಅದು ಮಾಲಿನ ನೀರನ್ನೆಲ್ಲ ಹೀರಿ ಸಂದಿ ಪುಡಿಯಾಗುತ್ತದೆ. ಇದನ್ನು ಕಲಿತವರು ಅದೇ ಅಭ್ಯಾಸದಲ್ಲಿ ಸಿಮೆಂಟ್ ಬ್ಲಾಕನ್ನೂ ನೆನೆಸಿಬಿಡುತ್ತಾರೆ. ಅದು ತಪ್ಪು. ಬ್ಲಾಕು ನೆಂದರೆ ಹಿಗ್ಗುತ್ತದೆ, ಗೋಡೆಯಲ್ಲಿ ಕೂತು ಒಣಗುವಾಗ ಕುಗ್ಗುತ್ತದೆ, ಆಗ ಸಂದಿಗಳ ಜಾಡು ಹಿಡಿದು ಮೆಟ್ಟಿಲಿನ ಆಕಾರದ ಬಿರುಕು ಬರುತ್ತದೆ. ಬ್ಲಾಕಿನ ಮೈಗೆ ನೀರು ಚಿಮುಕಿಸಿದರೆ ಸಾಕು. ಇಟ್ಟಿಗೆಯ ಗುಳಿ ಮೇಲಕ್ಕಿರಲಿ, ಸಂದಿ 10 ಮಿಲಿಮೀಟರ್ ಇರಲಿ, ಒಂದೇ ದಿನ ಒಂದೂವರೆ ಮೀಟರ್‌ಗಿಂತ ಎತ್ತರ ಏರಿಸಬೇಡಿ. ಕೆಳಗಿನ ಹಸಿ ಮಾಲು ಮೇಲಿನ ಭಾರಕ್ಕೆ ಹಿಂಡಿಕೊಂಡು ಗೋಡೆ ತೂಕ (ನೇರ ನಿಲುವು) ತಪ್ಪುತ್ತದೆ.

ಮೂಲೆ ಕಟ್ಟುವುದನ್ನು ಬೇಡಿ ಪಡೆಯಿರಿ. ಎರಡು ಮೂಲೆ ಸರಿಯಾದರೆ ನಡುವಿನ ವರಸೆಯನ್ನು (ಇಟ್ಟಿಗೆಯ ಸಾಲು) ದಾರ ನೋಡಿ ಯಾರಾದರೂ ಕಟ್ಟುತ್ತಾರೆ. ಮೂಲೆ ತಪ್ಪಿದರೆ ಯಾರು ಕಟ್ಟಿದರೂ ತಪ್ಪೇ. ನೇರಮೂಲೆ ಹಾಕಲು ಒಂದು ದಾರದ ಮೇಲೆ 3 ಅಡಿ, ಇನ್ನೊಂದರ ಮೇಲೆ 4 ಅಡಿ ಗುರುತು ಮಾಡಿ. ಆ ಎರಡು ಗುರುತುಗಳ ನಡುವೆ ಸರಿಯಾಗಿ 5 ಅಡಿ ಬರಬೇಕು. ದೊಡ್ಡ ಕೋಣೆಗೆ 6, 8, 10 ಹಿಡಿಯಿರಿ. ಅಳತೆ ದೊಡ್ಡದಾದಷ್ಟೂ ಕೈತಪ್ಪು ಚಿಕ್ಕದಾಗುತ್ತದೆ.

ಎಲ್ಲಕ್ಕಿಂತ ಹೆಚ್ಚು ಸಮಯವನ್ನು, ದೂರದ ಎರಡು ಜಾಗಗಳಿಗೆ ಒಂದೇ ಮಟ್ಟ ಹಿಡಿಯುವ ಟ್ಯೂಬ್ ಲೆವೆಲ್‌ಗೆ ಕೊಡಿ. ಪಾರದರ್ಶಕ ಪೈಪು, ಒಳಗೆ ನೀರು, ಇಷ್ಟೇ ಸಲಕರಣೆ. ಎತ್ತರದಲ್ಲಿಟ್ಟ ಬಕೆಟ್‌ನಿಂದ ನೀರೆಳೆದು ತುಂಬಿ, ಪೈಪಿನ ಉದ್ದಕ್ಕೂ ಗಾಳಿಗುಳ್ಳೆ ಇಲ್ಲವೆಂದು ನೋಡಿ. ಎರಡು ತುದಿಗಳನ್ನೂ ಒಂದರ ಪಕ್ಕ ಒಂದು ಹಿಡಿದು ನೀರು ಸಮ ನಿಲ್ಲುವುದನ್ನು ಪರೀಕ್ಷಿಸಿದ ಮೇಲೆಯೇ ನಡೆಯಿರಿ. ಗುರುತು ಹಾಕುವಾಗ ಎರಡು ತುದಿಯಿಂದಲೂ ಹೆಬ್ಬೆರಳು ತೆಗೆದಿರಬೇಕು. ಒಂದು ಕಡೆ ಬೆರಳು ಮುಚ್ಚಿದ್ದರೆ, ಅಥವಾ ಪೈಪನ್ನು ಯಾರಾದರೂ ತುಳಿದಿದ್ದರೆ, ನೀರು ಸುಳ್ಳು ಹೇಳುತ್ತದೆ.

ಮುಗಿದ ನೆಲದಿಂದ 1 ಮೀಟರ್ ಎತ್ತರಕ್ಕೆ ಎಲ್ಲ ಪಿಲ್ಲರ್‌ಗಳ ಮೇಲೂ ಗೆರೆ ಎಳೆಯುತ್ತಾರೆ. ನಕ್ಷೆಯಲ್ಲಿ ಕಿಟಕಿಯ ತಳ 900 ಮಿಲಿಮೀಟರ್ ಇದ್ದರೆ ಗೆರೆಯಿಂದ 100 ಕೆಳಗೆ, ಲಿಂಟಲ್ (ಬಾಗಿಲು, ಕಿಟಕಿಯ ಮೇಲಿನ ತೊಲೆ) ತಳ 2,100 ಇದ್ದರೆ ಗೆರೆಯಿಂದ 1,100 ಮೇಲೆ. ಎಡವುವುದು ‘ಮುಗಿದ ನೆಲ’ ಎಂಬ ಮಾತಿನಲ್ಲಿ. ಟೈಲ್ಸ್ ಮತ್ತು ಅದರ ಕೆಳಗಿನ ಹಾಸನ್ನು ಸೇರಿಸದೆ ಬರಿ ಸ್ಲ್ಯಾಬಿನಿಂದ ಅಳೆದರೆ, ನೆಲ ಹಾಕಿದ ದಿನ ಬಾಗಿಲಿನ ಎತ್ತರ ಆ ಹಾಸಿನಷ್ಟು ಕಡಿಮೆಯಾಗಿರುತ್ತದೆ. ಆಗ ಲಿಂಟಲ್ ಒಡೆಯುವುದಕ್ಕೆ ಆಗುವುದಿಲ್ಲ.

ಕಂಬಿ ಕೆಲಸ ನಿಮ್ಮ ಟ್ರೇಡ್ ಅಲ್ಲದಿದ್ದರೂ ಎರಡು ವಿಷಯ ತಿಳಿದಿರಲಿ. ಕಂಬಿಯ ದಪ್ಪವನ್ನು ಅದರಿಂದಲೇ ಗುಣಿಸಿ 162ರಿಂದ ಭಾಗಿಸಿದರೆ ಮೀಟರಿಗೆ ಎಷ್ಟು ಕೆಜಿ ಎಂದು ಬರುತ್ತದೆ. 12 ಮಿಲಿಮೀಟರ್ ಕಂಬಿಗೆ 0.89, ಹಾಗಾಗಿ 12 ಮೀಟರ್ ಉದ್ದದ ಒಂದು ಕಂಬಿ 10.7 ಕೆಜಿ. ಇನ್ನೊಂದು, ಕಂಬಿ ಕಾಂಕ್ರೀಟಿನ ಹೊರಮೈಗೆ ತಾಗದಂತೆ ಅಂತರ ಕೊಡುವ ಕವರ್ ಬ್ಲಾಕ್. ಸ್ಲ್ಯಾಬಿಗೆ 20, ಬೀಮಿಗೆ 25, ಪಿಲ್ಲರ್‌ಗೆ 40, ಪಾಯಕ್ಕೆ 50 ಮಿಲಿಮೀಟರ್ ಸಾಮಾನ್ಯ ಲೆಕ್ಕ, ನಕ್ಷೆಯಲ್ಲಿ ಬೇರೆ ಇದ್ದರೆ ಅದೇ ಅಂತಿಮ. ಜಲ್ಲಿ ಚೂರು ಕೊಟ್ಟು ಕಂಬಿ ಎತ್ತಿದರೆ ಕಾಂಕ್ರೀಟ್ ಸುರಿಯುವಾಗ ಅದು ಜಾರಿ ಕಂಬಿ ಸೆಂಟ್ರಿಂಗ್ (ಕಾಂಕ್ರೀಟ್ ಸುರಿಯುವ ಅಚ್ಚು) ಹಲಗೆಗೆ ಕೂರುತ್ತದೆ. ಕೆಲವು ವರ್ಷಕ್ಕೆ ತುಕ್ಕು ಹಿಡಿದು ಸೂರಿನ ತುಂಡುಗಳು ಉದುರುತ್ತವೆ. ಮಂಗಳೂರು, ಕಾರವಾರದ ಉಪ್ಪುಗಾಳಿಯಲ್ಲಿ ಇದು ಇನ್ನೂ ಬೇಗ.

ಹಸಿ ಸಿಮೆಂಟ್ ಚರ್ಮವನ್ನು ಸುಡುತ್ತದೆ, ಸುಡುವಾಗ ಅಷ್ಟು ನೋವಾಗುವುದಿಲ್ಲ ಎಂಬುದೇ ಅಪಾಯ. ಬೂಟಿನೊಳಗೆ ಮಾಲು ಹೋದರೆ ಸಂಜೆಗೆ ಕಾಯದೆ ಆಗಲೇ ಧಾರಾಳ ನೀರಿನಲ್ಲಿ ತೊಳೆಯಿರಿ. ರಬ್ಬರ್ ಗ್ಲೌಸ್ ಕೇಳಿ ಪಡೆಯಿರಿ. ಸಾರುವೆ ಹತ್ತುವ ಮುನ್ನ ಹಲಗೆ ಎರಡೂ ತುದಿಯಲ್ಲಿ ಕಟ್ಟಿದೆಯೇ ಎಂದು ನೀವೇ ಕೈಯಿಟ್ಟು ನೋಡಿ.

ಕೆಲವು ಕಡೆ ಮೂರು ತಿಂಗಳಾದರೂ ಬರೀ ಹೊರುವ ಕೆಲಸ ಕೊಡುತ್ತಾರೆ. ಅದಕ್ಕೆ ದಿನಚರಿ ಇಡಿ: ದಿನಾಂಕ, ಮಾಡಿದ ಕೆಲಸ, ಎಷ್ಟು ವರಸೆ, ಯಾವ ಪ್ರಮಾಣದ ಮಾಲು, ಯಾರು ತೋರಿಸಿಕೊಟ್ಟರು. ವಾರಕ್ಕೊಮ್ಮೆ ಸೂಪರ್‌ವೈಸರ್ ಸಹಿ ಹಾಕಿಸಿ. ಕರಾರಿನಲ್ಲಿರುವ ಟ್ರೇಡ್ ಕಲಿಸುತ್ತಿಲ್ಲ ಎಂದು ಅಪ್ರೆಂಟಿಸ್‌ಶಿಪ್ ಸಲಹೆಗಾರರ ಕಚೇರಿಗೆ ದೂರು ಬರೆಯಬೇಕಾದರೆ ಆ ಪುಸ್ತಕ ನಿಮ್ಮ ಕೈಯಲ್ಲಿರುವ ದಾಖಲೆ. ಕೊನೆಯ ಪರೀಕ್ಷೆಯ ಹಿಂದಿನ ವಾರ ತಿರುವಿ ಹಾಕಲೂ ಅದೇ ಬೇಕು.