ಪಿಸ್ಟನ್‌ಗೆ ಕೋಟಿಂಗ್: ಹೋನಿಂಗ್‌ಗೆ ಮೊದಲೇ ತೀರ್ಮಾನಿಸಿ

ಫೋರ್ಜ್ಡ್ ಪಿಸ್ಟನ್ ಸೆಟ್ ಕೈಗೆ ಬಂದಿದೆ, ಎಂಜಿನ್ ಬ್ಲಾಕ್ ಇನ್ನೂ ಬೋರಿಂಗ್‌ಗೆ (ಸಿಲಿಂಡರ್ ಕೊರೆಯಲು) ಹೋಗಿಲ್ಲ. ಕೋಟಿಂಗ್ ಬೇಕೋ ಬೇಡವೋ ಎಂದು ಯೋಚಿಸಲು ಇದೇ ಸರಿಯಾದ ಹೊತ್ತು. ಫೈನಲ್ ಹೋನಿಂಗ್ (ಸಿಲಿಂಡರ್ ಒಳಗೋಡೆಯನ್ನು ಉಜ್ಜಿ ಅಳತೆಗೆ ತರುವುದು) ಮುಗಿದ ಮೇಲೆ ಯೋಚಿಸಿದರೆ ತಡವಾಯಿತು, ಏಕೆಂದರೆ ಸ್ಕರ್ಟ್ (ಪಿಸ್ಟನ್‌ನ ಕೆಳಭಾಗದ ಬದಿ) ಮೇಲೆ ಕೂರುವ ಪದರ, ಪಿಸ್ಟನ್‌ಗೂ ಬೋರ್‌ಗೂ (ಸಿಲಿಂಡರ್‌ನ ಕೊರೆದ ಒಳಭಾಗ) ನಡುವಿನ ಸಂದಾದ ಕ್ಲಿಯರೆನ್ಸ್‌ನಲ್ಲೇ ಪಾಲು ಕೇಳುತ್ತದೆ.

ಸ್ಕರ್ಟ್‌ಗೆ ಹಚ್ಚುವುದು ಮಾಲಿಬ್ಡಿನಂ ಡೈಸಲ್ಫೈಡ್ ಅಥವಾ ಗ್ರಾಫೈಟ್ ಬೆರೆಸಿದ ರಾಳ. ಅದರ ಕೆಲಸ ಜಾರಿಸುವುದು. ಕ್ರೌನ್‌ಗೆ, ಅಂದರೆ ಪಿಸ್ಟನ್‌ನ ತಲೆಗೆ, ಹಚ್ಚುವುದು ಸೆರಾಮಿಕ್. ಅದರ ಕೆಲಸ ಶಾಖ ತಡೆಯುವುದು. ಒಂದು ಬೇಕಾಯಿತು ಎಂದಮಾತ್ರಕ್ಕೆ ಇನ್ನೊಂದೂ ಬೇಕೆಂದಿಲ್ಲ.

ಮೊದಲು ಪಿಸ್ಟನ್ ಯಾವ ಅಲಾಯ್ ಎಂದು ನೋಡಿ. 4032 ಅಲಾಯ್‌ನಲ್ಲಿ ಸುಮಾರು 12% ಸಿಲಿಕಾನ್ ಇರುತ್ತದೆ, ಬಿಸಿಗೆ ಕಡಿಮೆ ಹಿಗ್ಗುತ್ತದೆ. 2618ರಲ್ಲಿ ಸಿಲಿಕಾನ್ ಹೆಸರಿಗಷ್ಟೇ. ಹೊಡೆತ ಚೆನ್ನಾಗಿ ತಾಳುತ್ತದೆ, ಆದರೆ ಹೆಚ್ಚು ಹಿಗ್ಗುತ್ತದೆ. ಹಾಗಾಗಿ 86 ಮಿ.ಮೀ. ಬೋರ್‌ನಲ್ಲಿ 2618ಕ್ಕೆ 0.09 ಮಿ.ಮೀ. ಆಸುಪಾಸಿನ ಕ್ಲಿಯರೆನ್ಸ್ ಬಿಡುವುದು ಸಾಮಾನ್ಯ. ಎಂಜಿನ್ ತಣ್ಣಗಿರುವಾಗ ಈ ಪಿಸ್ಟನ್ ಬೋರ್‌ನೊಳಗೆ ಓಲಾಡಿ ಥ್ರಸ್ಟ್ ಸೈಡ್‌ಗೆ (ಒತ್ತಡ ಬೀಳುವ ಬದಿಗೆ) ಬಡಿಯುತ್ತದೆ. ಆಯಿಲ್ ಇನ್ನೂ ಸರಿಯಾಗಿ ತಲುಪಿರದ ಆ ಮೊದಲ ಕ್ಷಣಗಳಲ್ಲೇ ಸ್ಕರ್ಟ್ ಮೇಲೆ ಉದ್ದುದ್ದ ಗೀರು ಬೀಳುವುದು. ದಿನಕ್ಕೆ ನಾಲ್ಕು ಸಲ ಕೋಲ್ಡ್ ಸ್ಟಾರ್ಟ್ ಆಗುವ ಗಾಡಿಗೆ 2618 ಹಾಕುತ್ತಿದ್ದರೆ ಸ್ಕರ್ಟ್ ಕೋಟಿಂಗ್ ಮಾಡಿಸಿ ಎಂದೇ ಹೇಳುತ್ತೇನೆ. 4032 ಆದರೆ ಇದ್ದರೆ ಒಳ್ಳೆಯದು, ಇಲ್ಲದಿದ್ದರೂ ನಡೆಯುತ್ತದೆ.

ಲೆಕ್ಕ ತಪ್ಪುವುದು ದಪ್ಪದಲ್ಲಿ. ಒಂದು ಬದಿಗೆ 13ರಿಂದ 25 ಮೈಕ್ರಾನ್ (1 ಮೈಕ್ರಾನ್ = 0.001 ಮಿ.ಮೀ.) ಕೂರುತ್ತದೆ, ವ್ಯಾಸದ ಮೇಲೆ ಅದು ಎರಡರಷ್ಟು. ಅಂದರೆ 0.09ರಲ್ಲಿ 0.05 ಮಿ.ಮೀ.ವರೆಗೂ ಕೋಟಿಂಗೇ ನುಂಗಬಹುದು. ಕೆಲವು ಕೋಟಿಂಗ್‌ಗಳು ಓಡುತ್ತಾ ಸವೆದು ಕೂರಲೆಂದೇ ಮಾಡಿದವು. ಅಂಥವುಗಳಲ್ಲಿ ಬರೀ ಲೋಹದ ಅಳತೆಯನ್ನೇ ಹಿಡಿಯಬೇಕು. ಉಳಿದವುಗಳಲ್ಲಿ ಕೋಟಿಂಗ್ ಮೇಲಿನ ಅಳತೆ. ತಯಾರಕರ ಶೀಟ್‌ನಲ್ಲಿ ಯಾವುದು ಬರೆದಿದೆಯೋ ಅದೇ ಅಂತಿಮ. ಕೆಲವು ಪಿಸ್ಟನ್‌ಗಳ ಕಪ್ಪು ಸ್ಕರ್ಟ್ ನಡುವೆ ಕೋಟಿಂಗ್ ಇಲ್ಲದ ಪುಟ್ಟ ದುಂಡು ಜಾಗ ಹೊಳೆಯುತ್ತಿರುತ್ತದೆ. ಅದು ಪ್ರಿಂಟಿಂಗ್ ದೋಷವಲ್ಲ, ಮೈಕ್ರೋಮೀಟರ್ ಇಡುವ ಜಾಗ. ಹೀಗೆ ಫ್ಯಾಕ್ಟರಿಯಿಂದಲೇ ಕೋಟಿಂಗ್ ಬಂದಿದ್ದರೆ ಅದರ ಮೇಲೆ ಇನ್ನೊಂದು ಪದರ ಹಚ್ಚಿಸಬೇಡಿ.

ಕ್ರೌನ್ ವಿಷಯದಲ್ಲಿ ನಾನು ಬಿಗಿ. ಟರ್ಬೊ, ನೈಟ್ರಸ್, ಅಥವಾ ಬಹಳ ಹೊತ್ತು ಫುಲ್ ಥ್ರಾಟಲ್‌ನಲ್ಲಿ ಓಡುವ ಎಂಜಿನ್ ಆದರೆ ಸೆರಾಮಿಕ್‌ಗೆ ಅರ್ಥವಿದೆ. ಪಿಸ್ಟನ್‌ನ ಶಾಖ ಬಹುಪಾಲು ರಿಂಗ್‌ಗಳ ಮೂಲಕವೇ ಬೋರ್‌ಗೆ ಇಳಿಯಬೇಕು, ಆ ಹೊರೆ ಸ್ವಲ್ಪ ತಗ್ಗುತ್ತದೆ. ಸಾದಾ ರಸ್ತೆ ಎಂಜಿನ್‌ಗೆ ಆ ಹಣವನ್ನು ಒಳ್ಳೆಯ ಹೋನಿಂಗ್‌ಗೆ ಹಾಕಿ. ಕಂಪ್ರೆಷನ್ ಏರುತ್ತದೆಂಬ ಭಯ ಬೇಡ: 86 ಮಿ.ಮೀ. ಬೋರ್‌ನಲ್ಲಿ 0.04 ಮಿ.ಮೀ. ಪದರ ಎಂದರೆ 0.23 ಸಿಸಿ. 500 ಸಿಸಿ ಸಿಲಿಂಡರ್‌ನಲ್ಲಿ 10:1 ಇದ್ದದ್ದು 10.04 ಆಗುತ್ತದೆ, ಅಷ್ಟೇ. ಆದರೆ ಸೆರಾಮಿಕ್ ಇದೆ ಎಂದು ರಿಂಗ್ ಗ್ಯಾಪ್ (ರಿಂಗ್‌ನ ಎರಡು ತುದಿಗಳ ನಡುವಿನ ಸಂದು) ಕಡಿಮೆ ಮಾಡಬೇಡಿ. ಇಗ್ನಿಷನ್ ಟೈಮಿಂಗ್ ಅತಿಯಾಗಿ ಮುಂದಾಗಿ ನಾಕಿಂಗ್ (ಇಂಧನ ತಾನಾಗಿಯೇ ಸಿಡಿಯುವುದು) ಶುರುವಾದರೆ ಯಾವ ಕೋಟಿಂಗೂ ರಿಂಗ್ ಲ್ಯಾಂಡ್ (ರಿಂಗ್ ಗ್ರೂವ್‌ಗಳ ನಡುವಿನ ಅಂಚು) ಉಳಿಸುವುದಿಲ್ಲ.

ಕೆಲಸ ಕೆಡುವುದು ಹೆಚ್ಚಾಗಿ ತಯಾರಿಯಲ್ಲಿ. ಜಿಡ್ಡು ತೆಗೆದ ಪಿಸ್ಟನ್ ಮೇಲೆ ಬರಿಗೈ ಬೆರಳಿನ ಒಂದು ಗುರುತು ಸಾಕು, ಅಲ್ಲಿಂದಲೇ ಪದರ ಏಳುತ್ತದೆ. ಬ್ಲಾಸ್ಟಿಂಗ್‌ಗೆ (ಪುಡಿ ಎರಚಿ ಮೇಲ್ಮೈ ಒರಟು ಮಾಡುವುದಕ್ಕೆ) ಮುಂಚೆ ರಿಂಗ್ ಗ್ರೂವ್, ಪಿನ್ ಬೋರ್ (ಪಿನ್ ಕೂರುವ ರಂಧ್ರ), ಸರ್ಕ್ಲಿಪ್ ಗ್ರೂವ್, ಆಯಿಲ್ ರಂಧ್ರ ಎಲ್ಲವನ್ನೂ ಮುಚ್ಚಿರಬೇಕು. ರಿಂಗ್‌ನ ಸೈಡ್ ಕ್ಲಿಯರೆನ್ಸ್ ಇರುವುದೇ 0.03–0.05 ಮಿ.ಮೀ. ಆಸುಪಾಸು. ಗ್ರೂವ್‌ನೊಳಗೆ 0.02 ಮಿ.ಮೀ. ಸ್ಪ್ರೇ ಹಾರಿದರೂ ರಿಂಗ್ ಹಿಡಿದುಕೊಳ್ಳುವ ಅಪಾಯವಿದೆ. ಓವನ್‌ನ ತಾಪಮಾನ ಮತ್ತು ಸಮಯ ಎರಡನ್ನೂ ಕೋಟಿಂಗ್ ಮಾಡುವವರನ್ನು ಕೇಳಿ ಬರೆದುಕೊಳ್ಳಿ. 200 ಡಿಗ್ರಿ ಸೆಲ್ಸಿಯಸ್ ಮೀರಿ ಬಹಳ ಹೊತ್ತು ಬೇಯಿಸಿದರೆ ಹೀಟ್ ಟ್ರೀಟ್‌ಮೆಂಟ್‌ನಿಂದ ಬಂದ ಗಟ್ಟಿತನ ಇಳಿದು ಅಲಾಯ್ ಮೆತ್ತಗಾಗುತ್ತದೆ.

ಕಳಿಸುವ ಮುಂಚೆ ಪ್ರತಿ ಪಿಸ್ಟನ್‌ಗೂ ನಂಬರ್ ಕೊಟ್ಟು ಗೇಜ್ ಪಾಯಿಂಟ್‌ನಲ್ಲಿ (ವ್ಯಾಸ ಅಳೆಯಲು ಗೊತ್ತುಮಾಡಿದ ಜಾಗ) ಅಳತೆ ಮತ್ತು ತೂಕ ಬರೆದಿಡಿ, ಬಂದ ಮೇಲೆ ಮತ್ತೆ ಅಳೆಯಿರಿ. ನಂತರ ಬಿಸಿ ಸೋಪು ನೀರಿನಲ್ಲಿ ನೈಲಾನ್ ಬ್ರಷ್ ಹಾಕಿ ಆಯಿಲ್ ರಂಧ್ರಗಳನ್ನು ತೊಳೆಯಿರಿ. ಬ್ಲಾಸ್ಟಿಂಗ್ ಪುಡಿ ಒಂದೇ ಒಂದು ಕಾಳು ಉಳಿದರೂ ಬೇರಿಂಗ್‌ಗೆ ಗೀರು ಬೀಳುತ್ತದೆ. ಗ್ರೂವ್‌ನಲ್ಲಿ ಬಿಳಿ ಬಟ್ಟೆ ಎಳೆದು ನೋಡಿ. ಅದು ಬಿಳಿಯಾಗಿಯೇ ಹೊರಬಂದ ಮೇಲೆ ಆ ನಂಬರ್‌ಗಳ ಜೊತೆ ಪಿಸ್ಟನ್‌ಗಳನ್ನು ಹೋನಿಂಗ್ ಮಾಡುವವರ ಕೈಗೆ ಕೊಡಿ.