ಹಿಮ್ಮಡಿಯ ಕೆಳಗೆ ಏನಿರಬೇಕು?

ನನ್ನ ಹಳೇ ಕೈಟ್‌ಬೋರ್ಡನ್ನು ಗರಗಸದಲ್ಲಿ ಅಡ್ಡಕ್ಕೆ ಕೊಯ್ದ ದಿನ ನಿಜಕ್ಕೂ ಬೇಜಾರಾಗಿತ್ತು. ದೊಡ್ಡ ಗಾಳಿಪಟ ನಮ್ಮನ್ನು ಎಳೆಯುವಾಗ ನೀರಿನ ಮೇಲೆ ಜಾರಲು ಕಾಲಡಿಯಲ್ಲಿರುವ ಹಲಗೆ ಅದು. ಮೂರು ವರ್ಷ ಅದರ ಮೇಲೆ ನಿಂತು ನೀರಿಗಿಳಿದಿದ್ದೆ. ಕೊನೆಯ ಕೆಲವು ವಾರ ಹಿಂದಿನ ಕಾಲಿನ ಹಿಮ್ಮಡಿ ಕೆಳಗೆ ಏನೋ ಮೆತ್ತಗಾದ ಹಾಗೆ ಅನ್ನಿಸುತ್ತಿತ್ತು. ಬೇರೆ ಕಡೆ ತಟ್ಟಿದರೆ ಟಕ್ ಟಕ್ ಅನ್ನುವ ಬೋರ್ಡು ಅಲ್ಲಿ ಮಾತ್ರ ಡಬ್ ಅನ್ನುತ್ತಿತ್ತು. ಕೊಯ್ದು ನೋಡಿದೆ. ಮೇಲಿನ ಫೈಬರ್‌ಗ್ಲಾಸ್ ಪದರಕ್ಕೆ ಏನೂ ಆಗಿರಲಿಲ್ಲ. ಅದರ ಕೆಳಗಿನ ಫೋಮ್ ಜಜ್ಜಿ ಪುಡಿಯಾಗಿತ್ತು, ಪದರ ಎದ್ದುಬಂದಿತ್ತು. ಪಾದ ಸಿಕ್ಕಿಸುವ ಸ್ಟ್ರಾಪ್ ಸ್ಕ್ರೂಗಳ ತೂತಿನಿಂದ ಇಳಿದ ಉಪ್ಪುನೀರು ಆ ಸಂದಿಯಲ್ಲಿ ಇನ್ನೂ ಒದ್ದೆಯಾಗೇ ಇತ್ತು.

ಹೊಸದನ್ನು ನಾನೇ ಕಟ್ಟಬೇಕು ಅಂತ ಅವತ್ತೇ ತೀರ್ಮಾನಿಸಿದೆ.

ಆದರೆ ಯಾವುದರಲ್ಲಿ ಕಟ್ಟೋದು? ಅಲ್ಲಿಯವರೆಗೆ ನನ್ನ ತಲೆಯಲ್ಲಿ ಇದ್ದದ್ದು ಒಂದೇ ಪ್ರಶ್ನೆ, ಹೊರಪದರದ ಬಟ್ಟೆ ಕಾರ್ಬನ್ ಎಳೆಯದ್ದೋ ಗ್ಲಾಸ್ ಎಳೆಯದ್ದೋ ಅಂತ. ಒಳಗಿನ ತಿರುಳಿನ ಬಗ್ಗೆ ಯೋಚಿಸಿಯೇ ಇರಲಿಲ್ಲ. ಬೋರ್ಡು ಬಾಗಿದಾಗ ಕೆಳಗಿನ ಪದರ ಎಳೆಸಿಕೊಳ್ಳುತ್ತದೆ, ಮೇಲಿನದು ಒತ್ತಿಸಿಕೊಳ್ಳುತ್ತದೆ. ಇವೆರಡನ್ನೂ ದೂರ ಹಿಡಿದಿಡುವುದು ನಡುವಿನ ತಿರುಳು. 10 ಮಿಲಿಮೀಟರ್ ದಪ್ಪ 9ಕ್ಕೆ ಇಳಿದರೆ ಗಡಸುತನ, ಅಂದರೆ ಬಾಗದೆ ನಿಲ್ಲುವ ಶಕ್ತಿ, ಐದನೇ ಒಂದು ಭಾಗದಷ್ಟಾದರೂ ಕಡಿಮೆಯಾಗುತ್ತದೆ. ತಿರುಳು ಕುಸಿದರೆ ಹೊರಗಿನ ಬಟ್ಟೆ ಎಂಥದ್ದಾದರೂ ಉಪಯೋಗ ಇಲ್ಲ.

ಬೋರ್ಡು ಕಟ್ಟಿ ಅನುಭವ ಇದ್ದ ಗೆಳೆಯ ಒಬ್ಬ ನನ್ನ ಲೆಕ್ಕಗಳನ್ನೆಲ್ಲ ಕೇಳಿಸಿಕೊಂಡು, "ಓದಿದ್ದು ಸಾಕು ಕಣೋ. ನಾಲ್ಕು ಪಟ್ಟಿ ಮಾಡು, ಬಗ್ಗಿಸಿ ನೋಡು" ಅಂದ. ನನಗೆ ಸಿಕ್ಕ ಅತ್ಯುತ್ತಮ ಸಲಹೆ ಅದು.

70 ಸೆಂಟಿಮೀಟರ್ ಉದ್ದ, 5 ಸೆಂಟಿಮೀಟರ್ ಅಗಲದ ನಾಲ್ಕು ಪಟ್ಟಿ ಮಾಡಿದೆ. ಎಲ್ಲದರ ತಿರುಳೂ 8 ಮಿಲಿಮೀಟರ್. ಒಂದಕ್ಕೆ ಮೆರೈನ್ ಪ್ಲೈವುಡ್, ಒಂದಕ್ಕೆ ಪೌಲೋನಿಯಾ ಅನ್ನುವ ಹಗುರ ಮರ, ಉಳಿದೆರಡಕ್ಕೆ ಪಿವಿಸಿ ಫೋಮ್. ಮೊದಲ ಮೂರಕ್ಕೆ ಗ್ಲಾಸ್ ಬಟ್ಟೆ, ನಾಲ್ಕನೆಯದಕ್ಕೆ ಕಾರ್ಬನ್. ಎಲ್ಲಕ್ಕೂ ಅದೇ ಎಪಾಕ್ಸಿ ಅಂಟು, ಜೊತೆಗೆ ಅದನ್ನು ಗಟ್ಟಿಯಾಗಿಸುವ ಹಾರ್ಡ್‌ನರ್. ಹಾರ್ಡ್‌ನರ್ ಅನ್ನು ಅಂದಾಜಿನಲ್ಲಿ ಸುರಿಯದೆ ತಕ್ಕಡಿಯಲ್ಲೇ ತೂಗಿದೆ. ಹಾರ್ಡ್‌ನರ್ ಜಾಸ್ತಿ ಹಾಕಿದರೆ ಬೇಗ ಗಟ್ಟಿಯಾಗುತ್ತೆ ಅನ್ನೋದು ತಪ್ಪು. ಅಳತೆ ತಪ್ಪಿದರೆ ಎಪಾಕ್ಸಿ ಮೆತ್ತಗೇ ಉಳಿದುಬಿಡುತ್ತದೆ.

ಒಂದು ವಾರ ಒಣಗಲು ಬಿಟ್ಟೆ. ಆಮೇಲೆ ಒಂದು ಭಾನುವಾರ ಬೆಳಗ್ಗೆ ಎರಡು ಮೇಜುಗಳ ನಡುವೆ 60 ಸೆಂಟಿಮೀಟರ್ ಜಾಗ ಬಿಟ್ಟು ಪಟ್ಟಿಗಳನ್ನು ಒಂದೊಂದಾಗಿ ಇಟ್ಟೆ. ನಡುವೆ 10 ಕಿಲೋ ನೀರಿನ ಬಕೆಟ್ ತೂಗುಹಾಕಿದೆ. ಪ್ಲೈವುಡ್ 13 ಮಿಲಿಮೀಟರ್ ಬಾಗಿತು, ಕಾರ್ಬನ್ 14, ಪೌಲೋನಿಯಾ 17. ಗ್ಲಾಸ್ ಹೊದ್ದ ಫೋಮ್ 26. ಪ್ಲೈವುಡ್ ಗಟ್ಟಿ, ಆದರೆ ಕೈಯಲ್ಲಿ ಹಿಡಿದರೇ ಅದರ ಭಾರ ಗೊತ್ತಾಗುತ್ತಿತ್ತು. ಕಾರ್ಬನ್ ಪಟ್ಟಿ ಹಕ್ಕಿಗರಿಯಷ್ಟು ಹಗುರ. ಅಲ್ಲಿಗೆ ನಿಲ್ಲಿಸಿದ್ದರೆ ಅದನ್ನೇ ಆರಿಸುತ್ತಿದ್ದೆ, ಖಂಡಿತ.

ಬಕೆಟ್ ಇಳಿಸಿ, ಪಟ್ಟಿಗಳನ್ನು ನೆಲದ ಮೇಲೆ ಎರಡು ಇಟ್ಟಿಗೆಗಳ ಮೇಲಿಟ್ಟು ಹಿಮ್ಮಡಿಯಿಂದ ನಿಧಾನವಾಗಿ ಭಾರ ಹಾಕಿದೆ. ಕಾರ್ಬನ್ ಪಟ್ಟಿ ಬಾಗಿತು, ಬಾಗಿತು, ಸದ್ದಿಲ್ಲ. ಆಮೇಲೆ ಒಮ್ಮೆಲೇ ಚಟ್! ಹಿಮ್ಮಡಿ ಊರಿದ್ದ ಜಾಗದಲ್ಲೇ ಮೇಲಿನ ಪದರ ಮಡಚಿ ಫೋಮಿನೊಳಗೆ ಹೋಗಿತ್ತು. ಕಾರ್ಬನ್ ಎಳೆ ತುಂಬಾ ಗಡಸು. ಆದರೆ ಮುರಿಯುವ ಮೊದಲು ಅದು ಗ್ಲಾಸಿನಷ್ಟು ಹಿಗ್ಗುವುದಿಲ್ಲ, ಮುನ್ಸೂಚನೆಯನ್ನೂ ಕೊಡುವುದಿಲ್ಲ. ಗ್ಲಾಸ್ ಹೊದ್ದ ಫೋಮ್ ಮುರಿಯಲಿಲ್ಲ, ಆದರೆ ಹಿಮ್ಮಡಿಯ ಗುರುತು ಗುಳಿಯಾಗಿ ಉಳಿಯಿತು. ನನ್ನ ಹಳೇ ಬೋರ್ಡಿನ ಕತೆಯೇ ಅದು, ಶುರುವಿನಿಂದ ನೋಡಿದ ಹಾಗಿತ್ತು. ಪೌಲೋನಿಯಾ ಕಿರ್ ಅಂತ ನರಳಿತು, ಗ್ಲಾಸಿನಲ್ಲಿ ಬಿಳಿ ಗೆರೆಗಳು ಕಾಣಿಸಿಕೊಂಡವು. ಕಾಲು ತೆಗೆದ ಕೂಡಲೇ ನೆಟ್ಟಗಾಯಿತು.

ಆ ಗೆರೆಗಳನ್ನು ಬೆರಳಲ್ಲಿ ಸವರುತ್ತಾ ತುಂಬಾ ಹೊತ್ತು ಅಲ್ಲೇ ಕೂತಿದ್ದೆ. ಜಿಗಿದು ಇಳಿಯುವಾಗ ನನ್ನ ಇಡೀ ಭಾರ ಬೀಳುವುದು ಎರಡು ಹಿಮ್ಮಡಿಗಳ ಕೆಳಗಿನ ಅಂಗೈಯಗಲ ಜಾಗದ ಮೇಲೆ. ಅಲ್ಲಿ ಮರ ಇರಬೇಕು ಅಂತ ಮನಸ್ಸು ಗಟ್ಟಿಯಾಯಿತು. ಫೋಮ್ ಕೆಟ್ಟದ್ದು ಅಂತ ಹೇಳುತ್ತಿಲ್ಲ. ಅದು ನೀರು ಹೀರುವುದಿಲ್ಲ. ದಟ್ಟವಾದ ಫೋಮ್ ಇನ್ನೂ ಹೆಚ್ಚು ತಡೆದುಕೊಳ್ಳುತ್ತದೆ. ಎತ್ತರಕ್ಕೆ ಚಿಮ್ಮಲು ಗಡಸು ಬೋರ್ಡೇ ಬೇಕು ಅನ್ನುವವರಿಗೆ ಕಾರ್ಬನ್ ಸರಿ. ನಾನು ಹೆಚ್ಚಾಗಿ ಆಡುವುದು ಸಣ್ಣ ಅಲೆ ಒದೆಯುವ ಕಲಕಿದ ನೀರಿನಲ್ಲಿ. ಅಲ್ಲಿ ಗಡಸು ಬೋರ್ಡು ಪ್ರತಿ ಅಲೆಯನ್ನೂ ಮಂಡಿಗೆ ತಲುಪಿಸುತ್ತದೆ.

ಕಟ್ಟಿದ್ದು 138 ಸೆಂಟಿಮೀಟರ್ ಉದ್ದ, 41 ಅಗಲ. ಪೌಲೋನಿಯಾ ತಿರುಳು, ನಡುವೆ ದಪ್ಪ, ತುದಿಗೆ ತೆಳು. ಮೇಲೆ ಕೆಳಗೆ ಮೂರು ದಿಕ್ಕಿನ ಗ್ಲಾಸ್ ಬಟ್ಟೆ. ಉದ್ದಕ್ಕೆ ಹೋಗುವ ಎಳೆ ಬಾಗುವುದನ್ನು ತಡೆಯುತ್ತದೆ, 45 ಡಿಗ್ರಿ ಓರೆಯಲ್ಲಿ ಹೋಗುವವು ತಿರುಚುವುದನ್ನು. ಅಂಚಿಗೆ ಎಬಿಎಸ್ ಪ್ಲಾಸ್ಟಿಕ್. ಸ್ಕ್ರೂ ಕೂರುವ ಜಾಗಗಳಲ್ಲಿ ಬೀಚ್ ಮರದ ತುಂಡು. ಮರಕ್ಕೆ ನೀರು ಸೋಕಿದರೆ ಊದುತ್ತದೆ, ಆಮೇಲೆ ಕೊಳೆಯುತ್ತದೆ. ಅದಕ್ಕೇ ಪ್ರತಿ ತೂತನ್ನೂ ಬೇಕಾದ್ದಕ್ಕಿಂತ ದೊಡ್ಡದಾಗಿ ಕೊರೆದು, ಎಪಾಕ್ಸಿ ತುಂಬಿ, ಗಟ್ಟಿಯಾದ ಮೇಲೆ ಅದರ ನಡುವೆ ಸ್ಕ್ರೂ ಹಿಡಿಯುವ ಲೋಹದ ಇನ್ಸರ್ಟ್ ಕೂರಿಸಿದೆ. ಇಡೀ ಕೆಲಸದಲ್ಲಿ ಜಾಸ್ತಿ ಹೊತ್ತು ಹಿಡಿದದ್ದು ಇದೇ.

ಸ್ಟ್ರಾಪ್ ಬಿಟ್ಟು ತೂಕ 2.7 ಕಿಲೋ. ಫೋಮ್ ಹಾಕಿದ್ದರೆ ಹೆಚ್ಚುಕಡಿಮೆ ಮುಕ್ಕಾಲು ಕಿಲೋ ಕಡಿಮೆಯಾಗುತ್ತಿತ್ತು. ಮೊದಲ ದಿನ ದಡದಿಂದ ಹೊರಟ ಐದೇ ನಿಮಿಷಕ್ಕೆ ಅದು ಮರೆತುಹೋಯಿತು. ಅಲೆಗಳ ಮೇಲೆ ಬೋರ್ಡು ಕಾಲಡಿಯಲ್ಲಿ ಸ್ವಲ್ಪ ಬಾಗಿ ಮತ್ತೆ ಏಳುತ್ತಿತ್ತು. ಮಂಡಿಗೆ ಒದೆತ ಇಲ್ಲ. ಎರಡು ಗಂಟೆ ಆಡಿದೆ.

ಮನೆಗೆ ಬಂದವನು ಬಟ್ಟೆ ಕೂಡ ಬದಲಾಯಿಸದೆ ಸ್ಟ್ರಾಪ್‌ಗಳನ್ನು ಬಿಚ್ಚಿದೆ. ಟಾರ್ಚ್ ಹಿಡಿದು ಇನ್ಸರ್ಟ್‌ಗಳ ಸುತ್ತ ಒಂದೊಂದಾಗಿ ನೋಡಿದೆ. ಎಪಾಕ್ಸಿ ಎಲ್ಲೂ ಬಿರುಕು ಬಿಟ್ಟಿರಲಿಲ್ಲ. ಹಿಮ್ಮಡಿಯ ಜಾಗವನ್ನು ಬೆರಳಲ್ಲಿ ತಟ್ಟಿದೆ. ಟಕ್ ಅಂತು.