ಅಷ್ಟು ದೊಡ್ಡ ನಗರ ಕಾಡಿನಲ್ಲಿ ಕಾಣೆಯಾಗಿದ್ದು ಹೇಗೆ?

ನಾನು ಸರ್ವೆ ಕೆಲಸದವನು. ಹೊಸ ರಸ್ತೆಯೋ ಕರೆಂಟ್ ಲೈನೋ ಬರುವ ಮುಂಚೆ ನೆಲದ ಏರುತಗ್ಗು ಅಳೆದು ನಕ್ಷೆ ಮಾಡಿಕೊಡುತ್ತೇನೆ. ಈ ಕೆಲಸದ ನಂಟಿನಿಂದಲೇ ನನಗೆ ಕಾಂಬೋಡಿಯಾದ ಗೀಳು ಹತ್ತಿತು. ಎರಡು ಸಲ ಹೋಗಿ ಬಂದೆ. ಅದು ಗೊತ್ತಿದ್ದವರು ಮದುವೆ ಮನೆಯಲ್ಲಿ ಸಿಕ್ಕರೂ ಸರಿ, ಆಫೀಸಿನಲ್ಲಿ ಸಿಕ್ಕರೂ ಸರಿ, ಒಂದೇ ಪ್ರಶ್ನೆ ಕೇಳುತ್ತಾರೆ: "ಅಲ್ಲಿ ಕಾಡಿನ ಮೇಲೆ ಲೇಸರ್ ಹಾಯಿಸಿ ಇಡೀ ನಗರಗಳನ್ನೇ ಹುಡುಕಿದ್ರಂತಲ್ಲ. ಅಷ್ಟು ದೊಡ್ಡ ಊರು ಕಾಣೆಯಾಗಿದ್ದಾದ್ರೂ ಹೇಗೆ? ಇಷ್ಟು ವರ್ಷ ಯಾರಿಗೂ ಗೊತ್ತೇ ಇರ್ಲಿಲ್ವಾ?"

ಊಟದ ಎಲೆ ಮುಂದೆ ಕೂತು ಎರಡು ಮಾತಿನಲ್ಲಿ ಇದಕ್ಕೆ ಉತ್ತರ ಹೇಳೋಕೆ ಆಗಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಗೊತ್ತಿದ್ದ ವಿಷಯ ಹೇಳಿಬಿಡುತ್ತೇನೆ. ಅಂಗ್ಕೋರ್ ಅನ್ನುವ ಹೆಸರು ನಮ್ಮ 'ನಗರ' ಅನ್ನುವ ಮಾತಿನಿಂದಲೇ ಬಂದದ್ದು. ಒಂಬತ್ತನೇ ಶತಮಾನದಿಂದ ಹದಿನೈದನೆಯದರವರೆಗೆ ಕಾಂಬೋಡಿಯಾವನ್ನಾಳಿದ ಖ್ಮೇರ್ ರಾಜರ ರಾಜಧಾನಿ ಬಹುಪಾಲು ಅದೇ ಸೀಮೆಯಲ್ಲಿತ್ತು. ಅಂಗ್ಕೋರ್ ವಾಟ್ ದೇವಸ್ಥಾನವನ್ನು ಹನ್ನೆರಡನೇ ಶತಮಾನದಲ್ಲಿ ಎರಡನೇ ಸೂರ್ಯವರ್ಮ ವಿಷ್ಣುವಿಗಾಗಿ ಕಟ್ಟಿಸಿದ. ಮುಂದೆ ಅದು ಬೌದ್ಧರ ವಿಹಾರವಾಯಿತು. ರಾಜಧಾನಿ ದಕ್ಷಿಣಕ್ಕೆ ಹೋದ ಮೇಲೂ ಅಲ್ಲಿ ಭಿಕ್ಷುಗಳಿದ್ದರು, ಪೂಜೆ ನಡೆಯುತ್ತಿತ್ತು. 1632ರಲ್ಲಿ ಬಂದ ಜಪಾನಿನ ಯಾತ್ರಿಕನೊಬ್ಬ ಅಲ್ಲಿನ ಕಂಬದ ಮೇಲೆ ಬರೆದಿಟ್ಟ ಬರಹ ಇವತ್ತೂ ಇದೆ. ಅದಕ್ಕೂ ಮುಂಚೆ, 1580ರ ದಶಕದಲ್ಲಿ, ಪೋರ್ಚುಗೀಸ್ ಪಾದ್ರಿಯೊಬ್ಬರು ನೋಡಿ ಹೋಗಿದ್ದರು. 1860ರಲ್ಲಿ ಬಂದ ಫ್ರೆಂಚ್ ಪ್ರವಾಸಿ ಆನ್ರಿ ಮುಓ ಅಂಗ್ಕೋರನ್ನು 'ಕಂಡುಹಿಡಿದ' ಅಂತ ಎಷ್ಟೋ ಕಡೆ ಬರೆದಿರುತ್ತಾರೆ. ಅವನನ್ನು ಅಲ್ಲಿಗೆ ಕರೆದುಕೊಂಡು ಹೋದವರಿಗೆ ದಾರಿ ಗೊತ್ತಿತ್ತು, ಅಲ್ವಾ? ಆ ಮಾತು ಕೇಳಿದಾಗಲೆಲ್ಲ ನನಗೆ ಬೇಸರವಾಗುತ್ತದೆ.

ಲೇಸರ್‌ನಿಂದ ಸಿಕ್ಕಿತು ಅನ್ನುವ ಬೆಟ್ಟದ ಮೇಲಿನ ಊರಿನದೂ ಇದೇ ಕಥೆ. ಅಂಗ್ಕೋರಿನ ಈಶಾನ್ಯಕ್ಕೆ ನೋಮ್ ಕುಲೆನ್ ಅನ್ನುವ ಬೆಟ್ಟಸಾಲಿದೆ. ಲಿಚಿ ಹಣ್ಣಿನ ಬೆಟ್ಟ ಅಂತ ಅದರ ಅರ್ಥ. ಶಾಸನಗಳಲ್ಲಿ ಅದರ ಹೆಸರು ಮಹೇಂದ್ರಪರ್ವತ. ಕನ್ನಡದವರಿಗೆ ಬಿಡಿಸಿ ಹೇಳಬೇಕಾಗಿಯೇ ಇಲ್ಲ. ಕ್ರಿ.ಶ. 802ರಲ್ಲಿ ಎರಡನೇ ಜಯವರ್ಮ ಅಲ್ಲಿ ಚಕ್ರವರ್ತಿಯಾಗಿ ಅಭಿಷೇಕ ಮಾಡಿಸಿಕೊಂಡ ಅಂತ ಹೇಳುತ್ತಾರೆ. ಬೆಟ್ಟದ ಮೇಲೆ ನಡೆದ ಆ ಪೂಜಾವಿಧಿಯ ಕಥೆ ಹೇಳುವ ಸ್ಡೋಕ್ ಕಾಕ್ ಥೋಮ್ ಶಾಸನ ಹನ್ನೊಂದನೇ ಶತಮಾನದ್ದು. ಅದರಲ್ಲಿ ಸಂಸ್ಕೃತವೂ ಇದೆ, ಖ್ಮೇರ್ ಭಾಷೆಯೂ ಇದೆ. ಅಲ್ಲಿನ ಎಷ್ಟೋ ಶಾಸನಗಳಲ್ಲಿ ದೇವರ, ರಾಜರ ಹೊಗಳಿಕೆ ಸಂಸ್ಕೃತ ಶ್ಲೋಕದಲ್ಲಿರುತ್ತದೆ. ಯಾವ ಗದ್ದೆ, ಎಷ್ಟು ಆಳುಕಾಳು ಅನ್ನುವ ಲೆಕ್ಕ ಜನರ ಮಾತಿನಲ್ಲಿರುತ್ತದೆ. ನಮ್ಮ ಊರುಗಳ ಶಾಸನ ಓದಿದವರಿಗೆ ಈ ರೀತಿ ಚೆನ್ನಾಗಿ ಗೊತ್ತು. 1936ರಲ್ಲಿ ಫಿಲಿಪ್ ಸ್ಟರ್ನ್ ಎಂಬ ಫ್ರೆಂಚ್ ವಿದ್ವಾಂಸ ಕುಲೆನ್ ಹತ್ತಿ ಹಲವು ಗುಡಿಗಳನ್ನು ಗುರುತಿಸಿದ್ದ.

ಅಂದರೆ ಹೆಸರು ಗೊತ್ತಿತ್ತು, ಬೆಟ್ಟ ಗೊತ್ತಿತ್ತು, ಗುಡಿಗಳು ಗೊತ್ತಿದ್ದವು. ಮತ್ತೆ ಕಾಣೆಯಾಗಿದ್ದು ಯಾವುದು?

ಮನೆಗಳು. ಬೀದಿಗಳು. ಜನ ಬದುಕಿದ್ದ ಜಾಗ.

ಖ್ಮೇರ್ ನಾಡಿನಲ್ಲಿ ಕಲ್ಲು ಇದ್ದದ್ದು ದೇವರಿಗೆ. ಮನುಷ್ಯರ ಮನೆ ಮರದ್ದು, ಬಿದಿರಿನದ್ದು, ಮೇಲೆ ಹುಲ್ಲಿನ ಹೊದಿಕೆ. ರಾಜನ ಅರಮನೆಯೂ ಮರದ್ದೇ. 1296ರಲ್ಲಿ ಬಂದು ಸುಮಾರು ಒಂದು ವರ್ಷ ಅಲ್ಲಿದ್ದ ಚೀನಾದ ರಾಯಭಾರಿ ತಂಡದ ಝೌ ದಾಗುವಾನ್ ಇದನ್ನು ಬರೆದಿದ್ದಾನೆ: ಸಾಮಾನ್ಯ ಜನ ಮನೆಗೆ ಹೆಂಚು ಹಾಕುವ ಹಾಗೇ ಇರಲಿಲ್ಲ, ಹುಲ್ಲೇ ಹೊದಿಸಬೇಕಿತ್ತು. ಆ ಮಳೆ, ಆ ಶೆಖೆ, ಆ ಗೆದ್ದಲು. ಜನ ಬಿಟ್ಟು ಹೋದ ಮರದ ಮನೆ ಎಷ್ಟು ದಿನ ನಿಂತೀತು? ದೇವಸ್ಥಾನ ಉಳಿಯಿತು, ಸುತ್ತಲಿನ ಊರು ಮಣ್ಣಾಯಿತು. ನೋಡಲು ಹೋದವರಿಗೆ ಕಾಡಿನ ನಡುವೆ ಒಂಟಿ ಗುಡಿ ಕಂಡಿತು. ಇಲ್ಲಿ ಬರೀ ಗುಡಿಯೇ ಇದ್ದದ್ದೇನೋ ಅನ್ನಿಸಿತು.

ಆದರೆ ಮಣ್ಣು ಅಷ್ಟು ಸುಲಭಕ್ಕೆ ಮರೆಯುವುದಿಲ್ಲ. ಅಂಗ್ಕೋರ್ ಇರುವುದು ತಗ್ಗು ಪ್ರದೇಶದಲ್ಲಿ, ಮಳೆಗಾಲದಲ್ಲಿ ನೀರು ನಿಲ್ಲುತ್ತದೆ. ಹಾಗಾಗಿ ಮನೆ ಕಟ್ಟುವವರು ಮೊದಲು ಮಣ್ಣು ಹಾಕಿ ದಿಬ್ಬ ಮಾಡುತ್ತಿದ್ದರು. ಪಕ್ಕದಲ್ಲೇ ಒಂದು ಹೊಂಡ. ರಸ್ತೆಯೂ ಏರಿ ಮೇಲೆ, ಅದರ ಮಗ್ಗುಲಿಗೆ ಕಾಲುವೆ. ಮರ ಕೊಳೆತು ಹೋದರೂ ದಿಬ್ಬ ದಿಬ್ಬವಾಗಿಯೇ ಇರುತ್ತದೆ, ಹೊಂಡ ಹೊಂಡವಾಗಿಯೇ ಇರುತ್ತದೆ. ಎತ್ತರದ ವ್ಯತ್ಯಾಸ ಮೊಣಕಾಲಷ್ಟು, ಎಷ್ಟೋ ಕಡೆ ಅದೂ ಇಲ್ಲ. ಪೊದೆ ಬೆಳೆದ ಮೇಲೆ ಅದರ ಮೇಲೇ ನಡೆದು ಹೋದರೂ ಗೊತ್ತಾಗುವುದಿಲ್ಲ.

ಇಲ್ಲಿಗೆ ಬರುತ್ತದೆ ನಮ್ಮ ಲೈಡಾರ್, ಅಂದರೆ ಲೇಸರ್ ಬೆಳಕು ಬಿಟ್ಟು ನೆಲ ಅಳೆಯುವ ವಿಧಾನ. ಇದನ್ನು 'ಎಕ್ಸ್-ರೇ' ಅನ್ನುತ್ತಾರೆ. ಅದು ತಪ್ಪು. ಲೇಸರ್ ಎಲೆಯನ್ನು ತೂರಿ ಹೋಗುವುದಿಲ್ಲ. ನಡು ಮಧ್ಯಾಹ್ನ ಒಂದು ಹೊಂಗೆ ಮರದ ಕೆಳಗೆ ನಿಂತು ನೆಲ ನೋಡಿ. ನೆರಳಿನ ನಡುವೆ ಅಲ್ಲಲ್ಲಿ ಕಾಸಿನಗಲ ಬಿಸಿಲ ಚುಕ್ಕಿ ಬಿದ್ದಿರುತ್ತದೆ. ಎಲೆಗಳ ಸಂದಿಯಲ್ಲಿ ನುಸುಳಿ ಬಂದ ಬಿಸಿಲು ಅದು. ಲೇಸರ್ ಬೆಳಕೂ ಹಾಗೇ ನುಸುಳುತ್ತದೆ. ಹೆಲಿಕಾಪ್ಟರಿನಿಂದ ಸೆಕೆಂಡಿಗೆ ಸಾವಿರಾರು ಸಲ ಬೆಳಕು ಬಿಟ್ಟರೆ ಹೆಚ್ಚಿನದು ಎಲೆ, ಕೊಂಬೆಗೆ ಬಡಿದು ವಾಪಸ್ ಬರುತ್ತದೆ. ಸ್ವಲ್ಪ ಮಾತ್ರ ನೆಲ ಮುಟ್ಟಿ ಬರುತ್ತದೆ. ಹೋಗಿ ಬರಲು ಹಿಡಿದ ಸಮಯ ಲೆಕ್ಕ ಹಾಕಿದರೆ ಪ್ರತಿ ಚುಕ್ಕಿಯ ಎತ್ತರ ಸಿಗುತ್ತದೆ. ಆಮೇಲೆ ಕಂಪ್ಯೂಟರಿನಲ್ಲಿ ಮರಗಿಡಕ್ಕೆ ಬಡಿದ ಚುಕ್ಕಿಗಳನ್ನು ತೆಗೆದು ಹಾಕಿ, ನೆಲದ ಚುಕ್ಕಿಗಳನ್ನಷ್ಟೇ ಉಳಿಸಿಕೊಳ್ಳುತ್ತೇವೆ. ಅಕ್ಕಿಯಲ್ಲಿ ಕಲ್ಲು ಆರಿಸಿದ ಹಾಗೆ. ಹಗುರ ಕೈಯಲ್ಲಿ ಮಾಡಬೇಕು. ಜಾಸ್ತಿ ಆರಿಸಿದರೆ ಸಣ್ಣ ಬದುವೂ ಕಸದ ಜೊತೆ ಹೋಗುತ್ತದೆ. ಕಡಿಮೆಯಾದರೆ ಪೊದೆಯೇ ದಿಬ್ಬದ ಹಾಗೆ ಕಾಣುತ್ತದೆ. ರಸ್ತೆ ಸರ್ವೆಯಲ್ಲಿ ನಾವು ಕಸ ಅಂತ ಬಿಡುವ ಅರ್ಧ ಅಡಿ ಏರುಪೇರೇ ಅಲ್ಲಿ ಒಬ್ಬರ ಮನೆಯ ಅಂಗಳ.

2012ರಲ್ಲಿ ಡೇಮಿಯನ್ ಇವಾನ್ಸ್ ಎಂಬ ಪುರಾತತ್ತ್ವಜ್ಞ ಮತ್ತು ಅವರ ಜೊತೆಗಾರರು ಅಂಗ್ಕೋರ್, ನೋಮ್ ಕುಲೆನ್ ಮತ್ತು ಇನ್ನೊಂದು ಹಳೆಯ ರಾಜಧಾನಿ ಕೋ ಕೇರ್ ಮೇಲೆ ಹೀಗೆ ಹಾರಿ ಸುಮಾರು 370 ಚದರ ಕಿ.ಮೀ. ಅಳೆದರು. 2015ರಲ್ಲಿ ಇನ್ನೂ ಸುಮಾರು 1,900 ಚದರ ಕಿ.ಮೀ. ಸಾಂಬೋರ್ ಪ್ರೇ ಕುಕ್, ಅಂದರೆ ಏಳನೇ ಶತಮಾನದ ಈಶಾನಪುರ, ಅದೂ ಅದರಲ್ಲಿ ಸೇರಿತು. ಇವಾನ್ಸ್ 2023ರಲ್ಲಿ ತೀರಿಕೊಂಡರು. ಅವರು ಮಾಡಿಸಿದ ನಕ್ಷೆಗಳನ್ನು ಈಗಲೂ ಆಗಾಗ ತೆರೆದು ನೋಡುತ್ತೇನೆ. ನನ್ನ ವೃತ್ತಿಯ ಬಗ್ಗೆ ನನಗೆ ಹೆಮ್ಮೆ ತಂದವು ಅವು.

ಕುಲೆನ್ ನಕ್ಷೆಯಲ್ಲಿ ಕಂಡದ್ದು ನೇರ ಗೆರೆಗಳು. ಕಾಡು ಯಾವತ್ತೂ ನೇರ ಗೆರೆ ಎಳೆಯುವುದಿಲ್ಲ. ಬೆಟ್ಟದ ನೆತ್ತಿಯ ಮೇಲೆ ಉದ್ದಕ್ಕೂ ಅಡ್ಡಕ್ಕೂ ಹಾದ ದೊಡ್ಡ ಬೀದಿಗಳು, ಅವುಗಳ ನಡುವೆ ಚೌಕಗಳು, ಏರಿಗಳು, ಹೊಂಡಗಳು. ಗೊತ್ತಿದ್ದ ಒಂಟಿ ಗುಡಿಗಳೆಲ್ಲ ಆ ಗೆರೆಗಳಲ್ಲಿ ತಂತಮ್ಮ ಜಾಗಕ್ಕೆ ಬಂದು ಕೂತವು. 2019ರಲ್ಲಿ ಇಡೀ ನಕ್ಷೆ ಪ್ರಕಟವಾದಾಗ ಮಹೇಂದ್ರಪರ್ವತದ ವಿಸ್ತಾರ 40ರಿಂದ 50 ಚದರ ಕಿ.ಮೀ. ಅಂತ ಗೊತ್ತಾಯಿತು. ಪರದೆಯ ಮೇಲೆ ನೋಡಿದ್ದನ್ನು ಕಾಲ್ನಡಿಗೆಯಲ್ಲಿ ಹೋಗಿ ಖಾತ್ರಿ ಮಾಡಿಕೊಳ್ಳಬೇಕಲ್ಲ, ಆ ಕೆಲಸ ಜಾನ್ ಬಾಪ್ಟಿಸ್ಟ್ ಶೆವಾನ್ಸ್ ತಂಡದ್ದು. ಕುಲೆನ್, ಕಾಂಬೋಡಿಯಾದ ಒಳಯುದ್ಧದಲ್ಲಿ ಖ್ಮೇರ್ ರೂಜ್ ಅನ್ನುವ ಕಮ್ಯುನಿಸ್ಟ್ ಪಡೆಯ ಸೈನಿಕರು ಅಡಗಿದ್ದ ಬೆಟ್ಟ. ನೆಲದಲ್ಲಿ ಹೂತಿಟ್ಟ ಸಿಡಿಮದ್ದು ಯುದ್ಧ ಮುಗಿದ ಮೇಲೂ ಅಲ್ಲೇ ಇತ್ತು. ಇಷ್ಟು ಕಾಲ ಅಲ್ಲಿ ಸರಿಯಾದ ಸರ್ವೆ ಆಗದೇ ಇದ್ದದ್ದಕ್ಕೆ ಕಾಡಿನಷ್ಟೇ ದೊಡ್ಡ ಕಾರಣ ಇದು. ನಾನು ಹತ್ತಿದಾಗ ನಮ್ಮ ದಾರಿ ತೋರಿಸುವವರು ಪದೇ ಪದೇ ಒಂದೇ ಮಾತು ಹೇಳಿದರು: ಕಾಲುದಾರಿ ಬಿಟ್ಟು ಒಂದು ಹೆಜ್ಜೆಯೂ ಇಡಬೇಡ. ವಯಸ್ಸಿನಲ್ಲಿ ದೊಡ್ಡವರನ್ನು ಅಲ್ಲಿ 'ಬಾಂಗ್' ಅನ್ನುತ್ತಾರೆ. ಅಣ್ಣ, ಅಕ್ಕ ಇಬ್ಬರಿಗೂ ಅದೇ ಮಾತು. ಬಾಂಗ್ ಹಿಂದೆ ಬಾಲದ ಹಾಗೆ ನಡೆದೆ.

ನನಗೆ ಬೆಟ್ಟಕ್ಕಿಂತ ಮನಸ್ಸಿಗೆ ನಾಟಿದ್ದು ಅಂಗ್ಕೋರ್ ವಾಟ್‌ನ ಪ್ರಾಕಾರದ ಒಳಗಿನ ತೋಪು. ಎಲ್ಲರೂ ಕಲ್ಲುಹಾಸಿನ ಮೇಲೆ ನೆಟ್ಟಗೆ ದೇವಸ್ಥಾನಕ್ಕೆ ಹೋಗುತ್ತಾರೆ. ಎರಡೂ ಮಗ್ಗುಲಲ್ಲಿ ಮರಗಳು, ಅಲ್ಲಿ ನೋಡುವುದಕ್ಕೆ ಏನೂ ಇಲ್ಲ ಅನ್ನಿಸುತ್ತದೆ. ಲೈಡಾರ್ ನಕ್ಷೆಯಲ್ಲಿ ಆ ಜಾಗ ಚೌಕಾಬಾರ ಮನೆಯ ಹಾಗಿದೆ: ಬೀದಿ, ದಿಬ್ಬ, ಹೊಂಡ, ಮತ್ತೆ ಬೀದಿ, ದಿಬ್ಬ, ಹೊಂಡ. ಮಳೆ ಬಂದು ನಿಂತಿದ್ದ ಒಂದು ಬೆಳಿಗ್ಗೆ ಫೋನಿನಲ್ಲಿ ನಕ್ಷೆ ಹಿಡಿದು ನಡೆದೆ. ಹತ್ತು ನಿಮಿಷ ಏನೂ ತಿಳಿಯಲಿಲ್ಲ. ಆಮೇಲೆ ಚಪ್ಪಲಿ ಹೇಳಿತು. ಒದ್ದೆ, ಒಣ, ಒದ್ದೆ, ಒಣ. ನೀರು ನಿಂತ ಕಡೆ ಹೊಂಡ, ಕಾಲು ಒಣಗಿದ ಕಡೆ ಮನೆ. ಒಂದು ಒಣ ಜಾಗದಲ್ಲಿ ಸುಮ್ನೆ ನಿಂತುಬಿಟ್ಟೆ. ಯಾರದೋ ಮನೆಯೊಳಗೆ ಕೇಳದೆ ಕಾಲಿಟ್ಟ ಹಾಗಾಯಿತು.

ಇಂಥದ್ದೇ ಒಂದು ದಿಬ್ಬವನ್ನು ಆಲಿಸನ್ ಕಾರ್ಟರ್ ಎಂಬ ಪುರಾತತ್ತ್ವಜ್ಞೆಯ ತಂಡ 2015ರಲ್ಲಿ ಅಗೆದು ನೋಡಿತು. ಚಿನ್ನ, ವಿಗ್ರಹ ಹುಡುಕಿ ಅಲ್ಲ. ಸಿಕ್ಕಿದ್ದು ಅಡುಗೆಯ ಮಡಕೆ ಚೂರು, ಅಕ್ಕಿ ಕಾಳು, ಶುಂಠಿ ಜಾತಿಯ ಒಂದು ಬೀಜ, ಚಕ್ಕೋತದ ಸಿಪ್ಪೆ. ದೇವಸ್ಥಾನ ನಡೆಯಲು ಬೇಕಾದ ಸಾಮಾನ್ಯ ಜನ ಅಲ್ಲಿದ್ದರು. ಅವರು ಅನ್ನ ಮಾಡಿ, ಉಂಡು, ಸಿಪ್ಪೆ ಎಸೆದಿದ್ದರು. ಶಾಸನಗಳಲ್ಲಿ ಇಂಥವರದು ಬಹುಪಾಲು ಹೆಸರು, ತಲೆ ಲೆಕ್ಕ ಮಾತ್ರ. ತಾ ಪ್ರೋಮ್ ದೇವಸ್ಥಾನದ 1186ರ ಶಾಸನ ಅದಕ್ಕೆ ದುಡಿದವರು 79,365 ಜನ ಅನ್ನುತ್ತದೆ. ಅವರ ಮನೆಗಳು ಹೇಗಿದ್ದವು ಅಂತ ಅದು ಹೇಳುವುದಿಲ್ಲ. 2021ರಲ್ಲಿ ಪ್ರಕಟವಾದ ಅಧ್ಯಯನವೊಂದು ಈ ದಿಬ್ಬ ಹೊಂಡಗಳ ಲೆಕ್ಕವನ್ನೂ ಹಿಡಿದು, ಅಂಗ್ಕೋರ್ ತುಂಬಿ ತುಳುಕುತ್ತಿದ್ದಾಗ ಅಲ್ಲಿ 7ರಿಂದ 9 ಲಕ್ಷ ಜನ ಇದ್ದರು ಅಂತ ಅಂದಾಜು ಮಾಡಿದೆ.

ಹಾಗಾದರೆ ಅಷ್ಟು ಜನ ಬಿಟ್ಟು ಹೋದದ್ದು ಯಾಕೆ? ಒಂದೇ ರಾತ್ರಿ ಎದ್ದು ಹೋಗಲಿಲ್ಲ. 1431ರಲ್ಲಿ ಈಗಿನ ಥಾಯ್ಲೆಂಡಿನಲ್ಲಿದ್ದ ಅಯುತ್ಥಯ ರಾಜ್ಯದ ಸೈನ್ಯ ಬಂದು ಕೆಡವಿತು ಅಂತ ಹಳೆಯ ಕಥೆ. ಆದರೆ ಊರಿನ ನಡುವಿನ ಕೋಟೆ ನಗರ ಅಂಗ್ಕೋರ್ ಥೋಮ್‌ನ ಕಂದಕದ ಹೂಳು ಪರೀಕ್ಷೆ ಮಾಡಿದವರಿಗೆ, ಊರಿನ ನಡುವಿನ ಚಟುವಟಿಕೆ ಅದಕ್ಕೂ ನೂರು ವರ್ಷ ಮುಂಚಿನಿಂದಲೇ ಕುಗ್ಗುತ್ತಾ ಬಂದದ್ದು ಕಂಡಿತು. ಆ ನಗರ ನೀರಿನ ಮೇಲೆ ನಿಂತದ್ದು. ಪಶ್ಚಿಮ ಬಾರಾಯ್ ಅನ್ನುವ ಕೆರೆ 8 ಕಿ.ಮೀ. ಉದ್ದ, 2 ಕಿ.ಮೀ.ಗಿಂತ ಜಾಸ್ತಿ ಅಗಲ. ಏರಿ ಮೇಲೆ ನಿಂತರೆ ಆಚೆ ತುದಿ ಕಾಣುವುದಿಲ್ಲ. ವಿಯೆಟ್ನಾಮಿನ ಹಳೆಯ ಮರಗಳ ವರ್ಷದ ಉಂಗುರಗಳನ್ನು ಓದಿದರೆ, ಹದಿನಾಲ್ಕು ಮತ್ತು ಹದಿನೈದನೇ ಶತಮಾನದಲ್ಲಿ ವರ್ಷಗಟ್ಟಲೆ ಬರ, ನಡುನಡುವೆ ಭಾರೀ ಮಳೆ ಬಂದದ್ದು ತಿಳಿಯುತ್ತದೆ. ಬರಕ್ಕೆ ಹೊಂದಿಸಿಕೊಂಡ ಕಾಲುವೆಗೆ ನೆರೆ ಬಂದರೆ ಏನಾಗುತ್ತದೆ ಅಂತ ರೈತರಿಗೆ ಹೇಳಬೇಕಿಲ್ಲ. ಸ್ಪಿಯನ್ ಥ್ಮಾ ಅಂತ ಒಂದು ಹಳೆಯ ಕಲ್ಲುಸೇತುವೆ ಇದೆ. ಸೇತುವೆ ಒಣ ನೆಲದ ಮೇಲೆ ನಿಂತಿದೆ, ನದಿ ಪಕ್ಕದಲ್ಲಿ ಬೇರೆ ದಾರಿ ಕೊರೆದುಕೊಂಡು ಆಳದಲ್ಲಿ ಹರಿಯುತ್ತಿದೆ. ಆ ಸೇತುವೆಯ ಕಲ್ಲುಗಳೂ ದೇವಸ್ಥಾನಗಳಿಂದ ಕಿತ್ತು ತಂದವು. ಆ ಕಾಲದ ಕಷ್ಟ ಎಷ್ಟಿತ್ತು ಅನ್ನುವುದಕ್ಕೆ ನನಗೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಡ.

ಜನ ನಿಧಾನಕ್ಕೆ ಚದುರಿದರು. ಎಲ್ಲರೂ ಅಲ್ಲ. ಅಂಗ್ಕೋರ್ ಸುತ್ತ ಇವತ್ತೂ ಹಳ್ಳಿಗಳಿವೆ. ಹಳೆಯ ಏರಿಯ ಮೇಲೆ ಕಂಬದ ಮನೆ, ಕೆಳಗೆ ಹೊಂಡದಲ್ಲಿ ಬಾತುಕೋಳಿ. ಅವರಿಗೆ ಇದು ಕಾಣೆಯಾದ ನಗರ ಅಂದರೆ ನಕ್ಕಾರು. ಪಶ್ಚಿಮ ಬಾರಾಯ್ ನೀರು ಈಗಲೂ ಗದ್ದೆಗೆ ಹೋಗುತ್ತದೆ.

ವಾಪಸ್ ಬಂದ ಮೇಲೆ ಅಮ್ಮನಿಗೆ ಫೋಟೋ ತೋರಿಸಿದೆ. ದೇವಸ್ಥಾನದ ಶಿಖರ ನೋಡಿ ಕೈ ಮುಗಿದರು. ಲೈಡಾರ್ ನಕ್ಷೆ ತೋರಿಸಿದೆ, ಏನೂ ಅರ್ಥವಾಗಲಿಲ್ಲ. ಆಮೇಲೆ ಆ ದಿಬ್ಬದಲ್ಲಿ ಸಿಕ್ಕ ಸಿಪ್ಪೆಯ ವಿಷಯ ಹೇಳಿದೆ.

"ಚಕ್ಕೋತಾನಾ? ನಮ್ಮ ದೇವನಹಳ್ಳಿ ಕಡೆ ಬೆಳೆಯುತ್ತಲ್ಲ, ಅದೇನಾ?"

"ಅದೇ ಜಾತಿ ಹಣ್ಣು ಅಮ್ಮ."

ಅಮ್ಮ ಫೋನನ್ನು ಮತ್ತೆ ಕೈಗೆ ತೆಗೆದುಕೊಂಡರು. ಕನ್ನಡಕ ಸರಿ ಮಾಡಿಕೊಂಡು, ಆ ಬೂದು ಬಣ್ಣದ ನಕ್ಷೆಯ ಮೇಲೆ ಬೆರಳಿಟ್ಟು ಕೇಳಿದರು: "ಇದ್ರಲ್ಲಿ ಅವರ ಮನೆ ಯಾವುದು, ತೋರ್ಸು."